ಕತ್ತಿಯ ಬುಡದ ತೂತು

ಮೊನ್ನೆ ನಾದಿನಿಯ ಸೊಸೆ ಬಂದಿದ್ಲು. ಹಲಸಿನಕಾಯಿ ಕೊಚ್ಚೋಕೆ ಅಂತ ಹಿತ್ತಲ ಗೋಡೆಯ ಮೊಳೆಗೆ ನೇತು ಹಾಕಿದ್ದ ಕತ್ತಿ ತೆಗೆದವಳು, "ಅತ್ತೆ, ಇದರ ಬುಡದಲ್ಲಿ ಇಷ್ಟು ದೊಡ್ಡ ತೂತು ಯಾಕೆ? ನೇತು ಹಾಕೋಕೆ ಅಂತಲೇ ಮಾಡಿಸಿದ್ದಾ?" ಅಂತ ಕೇಳಿದ್ಲು. ನಂಗೆ ನಗು ಬಂತು. ಮೂವತ್ತು ವರ್ಷದಿಂದ ಆ ತೂತಲ್ಲೇ ನೇತು ಹಾಕ್ತಾ ಇದ್ದೀನಿ ನಿಜ. ಆದ್ರೆ ಅದು ನೇತು ಹಾಕೋಕೆ ಮಾಡಿದ್ದಲ್ಲ. ಅದು ನಮ್ಮ ಲಾರಿಯ ಕಮಾನಿನ ಪ್ಲೇಟು, ತೂತು ಅದರ ಸೆಂಟರ್ ಬೋಲ್ಟಿಂದು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಉದ್ದವಾಗಿ ಬರೀತೀನಿ. ಲಾರಿ ಅಂದ ಕೂಡಲೇ ಗಂಡಸರ ವಿಷಯ ಅಂತ ಬಿಟ್ಟುಬಿಡಬೇಡಿ, ಭರಣಿ ಮುಚ್ಚಳ ಹಿಡ್ಕೊಂಡಾಗ ಬಿಡಿಸಿದವರಿಗೆಲ್ಲ ಇದು ಅರ್ಥ ಆಗ್ತದೆ.

ಮೊದಲು ಗಾಡಿಯಿಂದ ಶುರು ಮಾಡಬೇಕು. ನಮ್ಮ ಮಾವನ ಕಾಲಕ್ಕೆ ಸಿರಿಮನೆ ಕಡೆಯಿಂದ ಕಿಗ್ಗಕ್ಕೆ, ಅಲ್ಲಿಂದ ಶೃಂಗೇರಿಗೆ ಸಾಮಾನು ಹೋಗ್ತಿದ್ದದ್ದು ಎತ್ತಿನ ಗಾಡಿಲಿ, ಇಲ್ದಿದ್ರೆ ತಲೆಹೊರೆಯಲ್ಲಿ. ಗಾಡಿಗೆ ಬೋಲ್ಟು-ನಟ್ಟು ಕಡಿಮೆ. ಚಕ್ರ ಅಚ್ಚಿನಿಂದ ಕಳಚಿ ಬೀಳದ ಹಾಗೆ ಒಂದು ಕಡಾಣಿ ಹಾಕ್ತಿದ್ರು, ಬೇಕಾದಾಗ ಸುತ್ತಿಗೆಲಿ ಎರಡು ತಟ್ಟಿದ್ರೆ ಹೊರಗೆ ಬರ್ತಿತ್ತು. ಗಾಡಿಲಿ ನಿಜವಾದ ಕಬ್ಬಿಣದ ಕೆಲಸ ಅಂದ್ರೆ ಚಕ್ರಕ್ಕೆ ಹಳಿ ಕೂರಿಸೋದು. ಹಳಿಯನ್ನ ಮರದ ಚಕ್ರಕ್ಕಿಂತ ಒಂದು ಚೂರು ಸಣ್ಣದಾಗೇ ಮಾಡ್ತಿದ್ರು. ಅದನ್ನ ಬೆಂಕಿಲಿ ಕೆಂಪಗೆ ಕಾಸಿದ್ರೆ ಹಿಗ್ತದೆ, ಹಿಗ್ಗಿದಾಗ ಇಕ್ಕಳದಲ್ಲಿ ಎತ್ತಿ ಚಕ್ರದ ಮೇಲೆ ಕೂರಿಸಿ ತಕ್ಷಣ ನೀರು ಹೊಯ್ಯೋದು. ಚುಂಯ್ ಅಂತ ಹೊಗೆ ಎದ್ದು ಹಳಿ ಕುಗ್ಗಿ ಮರವನ್ನ ಹಿಡ್ಕೊಂಡ್ರೆ ಆಮೇಲೆ ಮೊಳೆ ಹೊಡೆಯೋದೂ ಬೇಡ. ನಾನು ಸಣ್ಣವಳಿದ್ದಾಗ ತವರಲ್ಲಿ ಇದನ್ನ ನೋಡೋಕೆ ಮಕ್ಕಳೆಲ್ಲ ಓಡ್ತಿದ್ವಿ. ಈ ಹಳಿ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗ್ತದೆ.

ಆಮೇಲೆ ಬಸ್ಸು ಬಂತು. ಕೊಪ್ಪದ ಶಂಕರ್ ಟ್ರಾನ್ಸ್‌ಪೋರ್ಟ್ ಬಸ್ಸು ಹತ್ತದ ಮನೆ ನಮ್ಮ ಕಡೆ ಇರ್ಲಿಲ್ಲ. ಆ ಕಂಪನಿ ನಿಂತಾಗ ಅಲ್ಲಿ ಕೆಲಸ ಮಾಡ್ತಿದ್ದವರೇ ಒಟ್ಟಾಗಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದ್ರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಎಲ್ರೂ ಅದಕ್ಕೆ ಒಡೆಯರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಒಳದಾರಿಗಳಲ್ಲೆಲ್ಲ ಆ ಬಸ್ಸು ಓಡಾಡಿದ್ದು ನಿಮಗೂ ನೆನಪಿರಬೇಕು. ಶೆಡ್ಡಿನಲ್ಲಿ ಕೆಲಸ ಕಲಿತವರು ಊರೂರಲ್ಲೂ ಇದ್ರು, ನಮ್ಮನೆಯವರಿಗೂ ಸ್ಪ್ಯಾನರ್ ಹಿಡಿಯೋದು ಕಲಿಸಿದವರು ಅಂಥವರೇ ಒಬ್ಬರು.

ಲಾರಿ ಅಂದ್ರೆ ನಮ್ಮ ಕಡೆ ಬೆಂಜ್ ಲಾರಿ. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿ ಜೊತೆ ಸೇರಿ 1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡೋಕೆ ಶುರು ಮಾಡಿದ್ದು. ಆ ಒಪ್ಪಂದ 1969ಕ್ಕೆ ಮುಗಿದು, ಮೂತಿ ಮೇಲಿದ್ದ ಮೂರು ಮೂಲೆಯ ನಕ್ಷತ್ರ ಹೋಗಿ ಟಾಟಾದ ಗುರುತು ಬಂತು. ಆದ್ರೆ ಜನರ ಬಾಯಲ್ಲಿ ಬೆಂಜ್ ಅನ್ನೋದು ಉಳೀತು. ನಾನು ಮದುವೆಯಾಗಿ ಬಂದ ಎರಡು ವರ್ಷಕ್ಕೆ ಇವರು ಸಾಲ ಮಾಡಿ ತಂದದ್ದೂ ಅಂಥದ್ದೇ ಒಂದು ಹಳೇ ಟಾಟಾ. ಮಾವನಿಗೆ ಅದು ಇಷ್ಟ ಇರ್ಲಿಲ್ಲ. "ಎತ್ತು ಸುಸ್ತಾದ್ರೆ ಮಲಗ್ತದೆ, ಗೊತ್ತಾಗ್ತದೆ. ಇದು ಯಾವಾಗ ಮಲಗ್ತದೆ ಅಂತ ಹೇಳೋರು ಯಾರು?" ಅಂತಿದ್ರು.

ಬೇಸಿಗೆ ಪೂರ್ತಿ ಕೆರೆಕಟ್ಟೆ, ಎಸ್.ಕೆ. ಬಾರ್ಡರ್ ದಾರೀಲಿ ಕಾರ್ಕಳಕ್ಕೆ ಇಳಿದು ಮಂಗಳೂರಿಗೆ ಹೋಗಿ ಬರೋದು. ಇಲ್ಲಿಂದ ಮರ, ಅಲ್ಲಿಂದ ಬರೋವಾಗ ಹೆಂಚು, ಉಪ್ಪಿನ ಮೂಟೆ. ಮಳೆ ಹಿಡಿಯೋದರೊಳಗೆ ಮಾಡು ಹೊದಿಸಬೇಕು, ವರ್ಷದ ಉಪ್ಪು ತುಂಬಬೇಕು ಅನ್ನೋ ಮನೆಗಳಿಗೆ ಇಳಿಸೋದು. ಉಪ್ಪಿನ ಮೂಟೆ ನೀರು ಬಿಟ್ಕೊಂಡು ಹಲಗೆ ಸಂದಿಯಿಂದ ಕೆಳಗೆ ತೊಟ್ಟಿಕ್ತಿತ್ತು. ಅದನ್ನ ಆಗ ಯಾರೂ ಲೆಕ್ಕಕ್ಕೆ ತಗೊಳ್ಲಿಲ್ಲ.

1994ರ ಜೂನ್ ಮೊದಲ ವಾರ. ಆ ವರ್ಷದ ಕಡೇ ಹೆಂಚಿನ ಲೋಡು ಹೊತ್ಕೊಂಡು ಬರೋವಾಗ ಕೆರೆಕಟ್ಟೆ ದಾಟಿದ ಮೇಲೆ ಹಿಂದೆ ಎಡಗಡೆ ದೊಡ್ಡ ಶಬ್ದ ಆಗಿ ಲಾರಿ ಒಂದು ಕಡೆಗೆ ವಾಲಿತಂತೆ. ಮೇನ್ ಪ್ಲೇಟು ಕಟ್. ಹ್ಯಾಗೋ ಅಂಗಳದ ತನಕ ನಿಧಾನಕ್ಕೆ ತಂದು ನಿಲ್ಲಿಸಿದ್ರು.

ಲಾರಿಯ ಅಡಿಗೆ ನೀವು ಬಗ್ಗಿ ನೋಡಿದ್ರೆ ಉಕ್ಕಿನ ಪಟ್ಟಿಗಳನ್ನ ಒಂದರ ಮೇಲೊಂದು ಪೇರಿಸಿದ್ದು ಕಾಣ್ತದೆ. ಮೇಲಿನದ್ದು ಎಲ್ಲಕ್ಕಿಂತ ಉದ್ದ, ಕೆಳಗೆ ಹೋಗ್ತಾ ಹೋಗ್ತಾ ಗಿಡ್ಡ. ಬಿಲ್ಲಿನ ಹಾಗೆ ಬಾಗಿರ್ತದೆ, ಅದಕ್ಕೇ ಕಮಾನು ಅನ್ನೋದು. ಈ ಪಟ್ಟಿಗಳು ಸರಿದು ಹೋಗದ ಹಾಗೆ ನಡುವೆ ಎಲ್ಲದಕ್ಕೂ ಒಂದು ತೂತು, ಅದರೊಳಗೆ ಸೆಂಟರ್ ಬೋಲ್ಟು. ಆಮೇಲೆ ಇಡೀ ಕಟ್ಟನ್ನ ಅಚ್ಚಿಗೆ ಬಿಗಿಯೋದು ಯೂ-ಬೋಲ್ಟು. ಇಂಗ್ಲಿಷಿನ ಯೂ ಅಕ್ಷರದ ಹಾಗೆ ಬಾಗಿದ ದಪ್ಪ ಸರಳು, ಎರಡು ತುದೀಲೂ ಎಳೆ, ಎರಡು ನಟ್ಟು. ಒಂದು ಕಡೆಗೆ ಎರಡು ಯೂ-ಬೋಲ್ಟು, ನಾಲ್ಕು ನಟ್ಟು. ಮೇಲಿನ ಉದ್ದದ ಪ್ಲೇಟಿನ ಎರಡು ತುದಿ ಸುರುಳಿಯಾಗಿ ಪಿನ್ನಿನ ಮೂಲಕ ಲಾರಿಯ ಮೈಗೆ ಸೇರಿರ್ತದೆ. ಅದೇ ಮೇನ್ ಪ್ಲೇಟು. ಅದು ಭಾರ ಹೊರೋದು ಮಾತ್ರ ಅಲ್ಲ, ಅಚ್ಚನ್ನ ಜಾಗದಲ್ಲಿ ಹಿಡಿದಿಡೋದೂ ಅದೇ. ಅದು ತುಂಡಾದ್ರೆ ಚಕ್ರ ಹಿಂದೆ ಮುಂದೆ ಸರಿಯಬಹುದು, ಸ್ಟೀರಿಂಗ್ ಒಂದು ಕಡೆ ಹಿಡಿದ್ರೆ ಲಾರಿ ಇನ್ನೊಂದು ಕಡೆ ಹೋಗಬಹುದು. ಘಾಟಿಯಲ್ಲಿ ಅದು ಅಂದ್ರೆ ಹೇಳೋದೇ ಬೇಡ.

ಕಂತು ಕಟ್ಟೋ ದಿನ ಹತ್ರ ಬಂದಿತ್ತು. ಒಪ್ಕೊಂಡಿದ್ದ ಒಂದು ಮರದ ಲೋಡು ಕಾಯ್ತಿತ್ತು. ಇವರು, "ಮರದ ದಿಮ್ಮಿ ಕೊಟ್ಟು ಸರಪಳಿ ಕಟ್ಟಿ ಒಂದು ಟ್ರಿಪ್ಪು ಹೊಡೆದು ಬರ್ತೀನಿ, ಆ ದುಡ್ಡಲ್ಲಿ ಪ್ಲೇಟು ಹಾಕಿದ್ರಾಯ್ತು" ಅಂದ್ರು. ಅತ್ತೆ ಒಳಗಿಂದ ಬಂದು ಬಾಗಿಲಲ್ಲೇ ಕೂತ್ಕೊಂಡ್ರು. "ನಿನ್ನ ಹೆಂಡತಿಗೆ ಐದು ತಿಂಗಳು. ಸರಪಳಿ ಕಟ್ಟಿದ ಲಾರೀಲಿ ಘಾಟಿ ಇಳಿಯೋದಾದ್ರೆ ನನ್ನ ದಾಟ್ಕೊಂಡು ಹೋಗು" ಅಂತ ಅಷ್ಟೇ ಹೇಳಿದ್ದು. ಇವರು ಮಾತಾಡ್ಲಿಲ್ಲ. ಜಾಕಿ ತೆಗೆದು ಲಾರಿ ಅಡಿಗೆ ಹೋದ್ರು.

ಮೂರು ನಟ್ಟು ಕಷ್ಟದಲ್ಲಾದ್ರೂ ಬಂತು. ನಾಲ್ಕನೇದು ಬರ್ಲಿಲ್ಲ.

ಎಂಥೆಂಥ ಮಾಡಿದ್ರು! ಸೀಮೆಎಣ್ಣೆ ಹೊಯ್ದು ರಾತ್ರಿ ಬಿಟ್ಟದ್ದಾಯ್ತು, ಡೀಸೆಲ್ ಹೊಯ್ದದ್ದಾಯ್ತು, ತಂತಿ ಬ್ರಷ್ಷಲ್ಲಿ ಕೆಸರು ತಿಕ್ಕಿದ್ದಾಯ್ತು. ಕಡೆಗೆ ಸ್ಪ್ಯಾನರಿನ ಹಿಡಿಗೆ ಉದ್ದದ ಪೈಪು ಸಿಕ್ಕಿಸಿ ಇಬ್ಬರು ಜೋತು ಬಿದ್ರು. ಪೈಪು ಉದ್ದ ಆದಷ್ಟೂ ಬಲ ಜಾಸ್ತಿ ನಿಜ, ಆದ್ರೆ ಸ್ಪ್ಯಾನರು ಜಾರಿದ್ರೆ ಏಟೂ ಅಷ್ಟೇ ಜಾಸ್ತಿ. ಜಾರಿತು. ಇವರ ಬಲಗೈ ಮಣಿಕಟ್ಟು ಚಾಸಿಗೆ ಹೋಗಿ ಬಡೀತು. ಮೂಳೆ ಮುರಿದಿತ್ತು.

ಸ್ಪ್ಯಾನರು ಯಾಕೆ ಜಾರಿತು ಅನ್ನೋದಕ್ಕೂ ಒಂದು ಚರಿತ್ರೆ ಇದೆ. ಹಿಂದೆ ಬೋಲ್ಟು ಅಂದ್ರೆ ಒಂದೊಂದು ಕಾರ್ಖಾನೆಗೆ ಒಂದೊಂದು ತರ. ನಮ್ಮ ಭರಣಿಗಳ ಹಾಗೆ, ಇದರ ಮುಚ್ಚಳ ಅದಕ್ಕೆ ಕೂರ್ತಿರ್ಲಿಲ್ಲ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಅನ್ನೋರು ಎಳೆ ಇಷ್ಟೇ ಓರೆ ಇರ್ಬೇಕು, ಇಂಚಿಗೆ ಇಷ್ಟೇ ಇರ್ಬೇಕು ಅಂತ ಒಂದು ಲೆಕ್ಕ ಹಾಕಿಕೊಟ್ರು. ಬ್ರಿಟಿಷರ ಯಂತ್ರ ಎಲ್ಲೆಲ್ಲಿಗೆ ಹೋಯ್ತೋ ಆ ಇಂಚಿನ ಲೆಕ್ಕವೂ ಅಲ್ಲಲ್ಲಿಗೆ ಹೋಯ್ತು. ಜರ್ಮನಿಯ ಬೆಂಜ್ ಮಾತ್ರ ಮಿಲಿಮೀಟರ್ ಲೆಕ್ಕದ್ದು. ನಮ್ಮ ದೇಶದಲ್ಲಿ 1956ರಲ್ಲಿ ಮೆಟ್ರಿಕ್ ಅಳತೆಯ ಕಾಯಿದೆ ಬಂತು, 1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂತು. ಹಾಗಂತ ಮನೇಲಿ ಸೇರು, ಕೊಳಗ ಹೋಯ್ತಾ? ನಾವು ಇವತ್ತಿಗೂ ಅಕ್ಕಿ ಅಳೆಯೋದು ಸೇರಲ್ಲೇ. ಗ್ಯಾರೇಜಲ್ಲೂ ಹಾಗೇ, ಹಳೇ ಇಂಚಿನ ಸ್ಪ್ಯಾನರು, ಹೊಸ ಮಿಲಿಮೀಟರಿಂದು ಎಲ್ಲ ಒಂದೇ ಡಬ್ಬದಲ್ಲಿ. ನಮ್ಮ ಲಾರಿಯ ನಟ್ಟು 30 ಮಿಲಿಮೀಟರಿಂದು. ಇವರ ಕೈಗೆ ಸಿಕ್ಕಿದ್ದು ಒಂದೂಕಾಲು ಇಂಚಿನ ಸ್ಪ್ಯಾನರು, ಅಂದ್ರೆ 31.75. ಹತ್ರ ಹತ್ರ ಎರಡು ಮಿಲಿಮೀಟರ್ ಸಡಿಲ. ಸಣ್ಣ ಬಲಕ್ಕೆ ಅದು ಗೊತ್ತಾಗೋದಿಲ್ಲ. ಇಬ್ಬರು ಜೋತು ಬಿದ್ದಾಗ ನಟ್ಟಿನ ಮೂಲೆ ಸವೆದು ಉರುಟಾಗಿ ಸ್ಪ್ಯಾನರು ಹಾರಿತು.

ಇವರಿಗೆ ಕೈಗೆ ಪಟ್ಟಿ. ಮಳೆ ಜೋರಾಯ್ತು. ನಮ್ಮ ಕಡೆಯ ಮಳೆ ನಿಮಗೆ ಹೇಳಬೇಕಾ? ಆಚೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಬೀಳ್ತದೆ, ಕಿಗ್ಗದ ಋಷ್ಯಶೃಂಗ ದೇವರಿಗೆ ಮಳೆ ಬರಲಿ ಅಂತಲೂ ಹೇಳ್ಕೊಳ್ತೀವಿ, ಸಾಕು ನಿಲ್ಲಲಿ ಅಂತಲೂ ಹೇಳ್ಕೊಳ್ತೀವಿ. ಲಾರಿ ಅಂಗಳದಲ್ಲಿ ದಿಮ್ಮಿ ಮೇಲೆ ನಿಂತಿತ್ತು. ದಿನಾ ಅದನ್ನ ಸುತ್ತು ಹಾಕಿ ಕೊಟ್ಟಿಗೆಗೆ ಹೋಗೋದು ನಂಗೆ.

ಆಗ ಮಾವ ಯಾರಿಗೂ ಹೇಳ್ದೇ ಹೋಗಿ ಆಚಾರ್ರನ್ನ ಕರ್ಕೊಂಡು ಬಂದ್ರು. ಎಪ್ಪತ್ತು ದಾಟಿದ ಮುದುಕರು, ಜೀವಮಾನವಿಡೀ ಗಾಡಿಗೆ ಹಳಿ ಹಾಕಿ, ಕತ್ತಿ ತಟ್ಟಿ ಬದುಕಿದವರು. ಇವರಿಗೆ ಒಳಗೊಳಗೇ ಸಿಟ್ಟು, ಗಾಡಿ ಕೆಲಸದವರು ಲಾರಿಗೆ ಎಂಥ ಮಾಡ್ತಾರೆ ಅಂತ. ಆಚಾರ್ರು ಲಾರಿ ಅಡಿಗೆ ಹೋಗಿ ಬೆರಳಲ್ಲಿ ನಟ್ಟು ಮುಟ್ಟಿ, ಆ ಬೆರಳನ್ನ ನಾಲಿಗೆಗೆ ಇಟ್ಕೊಂಡು, "ಉಪ್ಪು" ಅಂದ್ರು.

ಅಲ್ಲಿತ್ತು ವಿಷಯ. ಉಪ್ಪು ನೀರು ತಾಗಿದ್ರೆ ತುಕ್ಕು ಬೇಗ ಹಿಡೀತದೆ, ಉಪ್ಪಿನಕಾಯಿಗೆ ಕಬ್ಬಿಣದ ಸೌಟು ಹಾಕಬಾರದು ಅನ್ನೋ ನಮಗೆ ಇದು ಗೊತ್ತಿದ್ದದ್ದೇ. ಆದ್ರೆ ತುಕ್ಕು ಯಾಕೆ ಬಿಗಿ ಹಿಡೀತದೆ ಅನ್ನೋದು ನಂಗೆ ತಿಳಿದದ್ದು ಆಮೇಲೆ, ಮಗನ ವಿಜ್ಞಾನದ ಪುಸ್ತಕ ಓದಿಸೋವಾಗ. ಕಬ್ಬಿಣ ತುಕ್ಕಾದಾಗ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡ್ತದೆ. ನಟ್ಟಿನ ಎಳೆಗೂ ಬೋಲ್ಟಿನ ಎಳೆಗೂ ನಡುವೆ ಇರೋದು ಕೂದಲೆಳೆಯಷ್ಟು ಸಂದಿ. ಅಲ್ಲಿ ತುಕ್ಕು ಉಬ್ಬಿದ್ರೆ ಬೆಣೆ ಹೊಡೆದ ಹಾಗೆ. ಕಬ್ಬಿಣದ ಅದಿರು ಅಂದ್ರೂ ಅದು ಒಂದು ತರದ ತುಕ್ಕೇ ಅಂತೆ. ನಮ್ಮ ಜಿಲ್ಲೆಯ ಕೆಮ್ಮಣ್ಣುಗುಂಡಿಯ ಕೆಂಪುಮಣ್ಣಿಗೆ ಆ ಬಣ್ಣ ಬಂದದ್ದೇ ಅದರಿಂದ. ಅಲ್ಲಿನ ಅದಿರನ್ನ ಭದ್ರಾವತಿಗೆ ಒಯ್ದು 1923ರಿಂದ ಕಾಡಿನ ಮರದ ಇದ್ದಿಲಲ್ಲಿ ಕರಗಿಸಿ ಕಬ್ಬಿಣ ತೆಗೆದ್ರು. ಅಷ್ಟು ಕಷ್ಟಪಟ್ಟು ತೆಗೆದ ಕಬ್ಬಿಣ ನೀರು ಗಾಳಿ ಸಿಕ್ಕಿದ್ರೆ ತಿರುಗಿ ಕೆಂಪುಮಣ್ಣಾಗೋಕೆ ನೋಡ್ತದೆ. ನಮ್ಮ ಮಳೆಯಲ್ಲಿ ಅದಕ್ಕೆ ಬಹಳ ಕಾಲ ಬೇಡ.

ಆಚಾರ್ರು ಮಾಡಿದ ಕೆಲಸ ನಾನು ಕೊಟ್ಟಿಗೆ ಬಾಗಿಲಲ್ಲಿ ನಿಂತು ಪೂರ್ತಿ ನೋಡಿದೀನಿ. ಮೊದಲು ಜಾಕಿ ಒಂದನ್ನೇ ನಂಬದೆ ಚಾಸಿ ಅಡಿಗೆ ಇನ್ನೆರಡು ದಿಮ್ಮಿ ಇಡಿಸಿದ್ರು. ಚಕ್ರ ಬಿಚ್ಚಿ ದೂರ ಉರುಳಿಸಿದ್ರು. ಡೀಸೆಲ್ ಹೊಯ್ದ ಜಾಗವನ್ನೆಲ್ಲ ಒರೆಸಿ, ಸೋಪಿನ ನೀರಲ್ಲಿ ತೊಳೆಸಿದ್ರು. ಹತ್ತಿರ ಇದ್ದ ಬ್ರೇಕಿನ ಪೈಪಿಗೆ ಒದ್ದೆ ಗೋಣಿ ಸುತ್ತಿದ್ರು, ಪಕ್ಕದಲ್ಲಿ ಎರಡು ಕೊಡಪಾನ ನೀರು. ಆಮೇಲೆ ಬ್ಲೋ ಲ್ಯಾಂಪ್ ಹಚ್ಚಿದ್ರು. ಪಂಪ್ ಸ್ಟವ್ ಗೊತ್ತಲ್ಲ, ಅದರ ತಮ್ಮ ಅಂತ ಇಟ್ಕೊಳ್ಳಿ. ಸೀಮೆಎಣ್ಣೆಗೆ ಗಾಳಿ ಹೊಡೆದು ನೀಲಿ ಜ್ವಾಲೆ ಒಂದೇ ಕಡೆ ಬರೋ ಹಾಗೆ ಮಾಡಿರ್ತದೆ. ಅದನ್ನ ನಟ್ಟಿನ ಮೇಲೆ ಮಾತ್ರ ಹಿಡಿದ್ರು, ಬೋಲ್ಟಿಗೆ ಆದಷ್ಟೂ ತಾಗದ ಹಾಗೆ.

"ಹಳಿ ಕಾಸಿದ ಹಾಗೇ ಮಾರಾಯ. ಹೊರಗಿನದ್ದು ಹಿಗ್ಗಲಿ, ಒಳಗಿನದ್ದು ಹಂಗೇ ಇರಲಿ" ಅಂತ ಇವರಿಗೆ ಹೇಳಿದ್ರು. ಇವರು ಪಟ್ಟಿ ಕಟ್ಟಿದ ಕೈ ಎದೆಗೊತ್ತಿಕೊಂಡು ಸುಮ್ಮನೆ ಕೇಳ್ತಿದ್ರು.

ನಟ್ಟು ಮಂದ ಕೆಂಪಾದ ಮೇಲೆ ಜ್ವಾಲೆ ತೆಗೆದು ಸ್ವಲ್ಪ ಬಿಟ್ರು. ಆಮೇಲೆ ನನ್ನ ಕಡೆ ತಿರುಗಿ, "ತಂಗಿ, ಜೇನುಮೇಣ ಉಂಟಾ?" ಅಂದ್ರು. ಕಾಲಿನ ಒಡಕಿಗೆ ಹಚ್ಚೋಕೆ ಅಂತ ಇಟ್ಟ ಒಂದು ಉಂಡೆ ಇತ್ತು, ತಂದುಕೊಟ್ಟೆ. ಬಿಸಿ ಎಳೆಗೆ ಅದನ್ನ ತಾಗಿಸಿದ್ರೆ ನೀರಾಗಿ ಒಳಗೆ ಎಳ್ಕೊಂಡು ಹೋಯ್ತು. ಸಂದಿ ಎಷ್ಟು ಸಣ್ಣದಿದ್ರೂ ಕರಗಿದ ಮೇಣ ಬತ್ತಿಗೆ ಎಣ್ಣೆ ಏರಿದ ಹಾಗೆ ಹೋಗ್ತದೆ. ಸುತ್ತಿಗೆಲಿ ನಟ್ಟಿನ ಸುತ್ತ ಮೆಲ್ಲಗೆ ತಟ್ಟಿದ್ರು, ತುಕ್ಕು ಒಡೆಯಲಿ ಅಂತ. ಉರುಟಾದ ಮೂಲೆಗಳನ್ನ ಅರದಲ್ಲಿ ತಿಕ್ಕಿ ಚಪ್ಪಟೆ ಮಾಡಿ ಸರಿಯಾದ ಅಳತೆಯ ಸ್ಪ್ಯಾನರು ಕೂರಿಸಿದ್ರು. ಬಿಚ್ಚೋ ಕಡೆಗೆ ತಿರುಗಿಸ್ತಾರೆ ಅಂತ ನೋಡಿದ್ರೆ ಮೊದಲು ಬಿಗಿ ಮಾಡೋ ಕಡೆಗೆ ಒಂದು ಚೂರು ಒತ್ತಿದ್ರು. ಕಿರ್ ಅಂತು. ಆಮೇಲೆ ಬಿಚ್ಚೋ ಕಡೆಗೆ ಅಷ್ಟೇ ಚೂರು. ಮತ್ತೆ ಬಿಗಿ, ಮತ್ತೆ ಬಿಚ್ಚು. ಪೈಪು ಇಲ್ಲ, ಜೋತು ಬೀಳೋದಿಲ್ಲ. ಮೂರು ಸಲ ಕಾಸಿ, ಮೂರು ಸಲ ಮೇಣ ಕೊಟ್ಟು, ಮಧ್ಯಾಹ್ನದ ಊಟದ ಹೊತ್ತಿಗೆ ನಟ್ಟು ಕೈಗೆ ಬಂತು. ಆಚಾರ್ರು ಅದನ್ನ ಇಕ್ಕಳದಲ್ಲಿ ಹಿಡಿದು ಕೊಡಪಾನದ ನೀರಿಗೆ ಹಾಕಿದ್ರು. ಚುಂಯ್ ಅಂದ ಶಬ್ದ ನಾನು ಸಣ್ಣವಳಿದ್ದಾಗ ಕೇಳಿದ್ದೇ.

ಕೆಲಸ ಮುಗೀತು ಅಂದ್ಕೊಂಡ್ರೆ ಇನ್ನೊಂದು ತಕರಾರು. ಇವರು ಅದೇ ಯೂ-ಬೋಲ್ಟನ್ನ ಉಜ್ಜಿ ತಿರುಗಿ ಹಾಕೋಣ ಅಂದ್ರು, ದುಡ್ಡಿರ್ಲಿಲ್ಲ. ಆಚಾರ್ರು ಒಪ್ಲಿಲ್ಲ. ಬಿಗಿದು ಬಿಗಿದು ಎಳೆದ ಸರಳು ಹಿಗ್ಗಿರ್ತದೆ, ಮೇಲಿಂದ ಬೆಂಕಿ ಬೇರೆ ತಿಂದಿದೆ, ಅದು ಮೊದಲಿನ ಹಾಗೆ ಹಿಡಿಯೋದಿಲ್ಲ, ಜೋಡಿಯಾಗಿ ಹೊಸದೇ ಹಾಕಿ, ಲೋಡು ಹಾಕಿ ಸ್ವಲ್ಪ ದೂರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗೀರಿ ಅಂದ್ರು. ಇವರು ನೆಲ ನೋಡ್ಕೊಂಡು ಕೂತ್ರು.

ಒಳಗೆ ಹೋಗಿ ನನ್ನ ಬಿಸ್ಕತ್ ಡಬ್ಬ ತಂದೆ. ಎರಡು ಕೊಯ್ಲಿನಲ್ಲಿ ಊರವರ ಮನೆಗೆ ಅಡಿಕೆ ಸುಲಿಯೋಕೆ ಹೋದ ದುಡ್ಡು ಅದು, ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕೂತು ಸುಲಿದದ್ದು. ಹೆರಿಗೆಗೆ ಅಂತ ಇಟ್ಟಿದ್ದೆ. ಅತ್ತೆಯೂ ಏನೂ ಹೇಳದೆ ತಮ್ಮ ಸೆರಗಿನ ಗಂಟು ಬಿಚ್ಚಿ ಅದರ ಮೇಲಿಟ್ರು. ಹೊಸ ಮೇನ್ ಪ್ಲೇಟು, ಎರಡು ಯೂ-ಬೋಲ್ಟು, ನಾಲ್ಕು ನಟ್ಟು ಬಂದದ್ದು ಆ ದುಡ್ಡಲ್ಲಿ. ಇವರ ಕೈ ಸರಿಯಾಗೋ ತನಕ ಬೇರೆ ಡ್ರೈವರ್ ಓಡಿಸಿದ್ರು. ಮಳೆಯಲ್ಲೇ ಕಂತು ಕಟ್ಟಿದ್ವಿ. ಮಗ ಹುಟ್ಟಿದ್ದು ಅಕ್ಟೋಬರ್‌ನಲ್ಲಿ, ಅವರಪ್ಪ ಎಡಗೈಯಲ್ಲಿ ಎತ್ಕೊಂಡ್ರು. ಬಲಗೈ ಮಣಿಕಟ್ಟು ಇವತ್ತಿಗೂ ಪೂರ್ತಿ ತಿರುಗೋದಿಲ್ಲ.

ತುಂಡಾದ ಮೇನ್ ಪ್ಲೇಟನ್ನ ಆಚಾರ್ರು ಕೂಲಿ ಬದಲು ಕೇಳಿದ್ರು. ಕಮಾನಿನ ಉಕ್ಕು ಕತ್ತಿಗೆ ಹೇಳಿ ಮಾಡಿಸಿದ್ದು, ಹದ ಕೊಟ್ರೆ ಬಾಯಿ ಬೇಗ ಮಡಚೋದಿಲ್ಲ. ಲಾರಿಗಳು ಬಂದ ಮೇಲೆ ನಮ್ಮ ಕಡೆಯ ಎಷ್ಟೋ ಕತ್ತಿ ಲಾರಿ ಪ್ಲೇಟಿಂದೇ. ಎರಡು ತಿಂಗಳು ಬಿಟ್ಟು ಅವರೇ ಬಂದು ಒಂದು ಕತ್ತಿ ನನ್ನ ಕೈಗೆ ಕೊಟ್ಟು ಹೋದ್ರು. ತೂತು ಇರೋ ಭಾಗವನ್ನ ಬೇಕಂತಲೇ ಬುಡಕ್ಕೆ ಬಿಟ್ಟಿದ್ರು. "ಮೊಳೆಗೆ ಹಾಕೋಕೆ ಆಗ್ತದೆ ತಂಗಿ" ಅಂದ್ರು.

ಈಗ ತುಕ್ಕು ಬಿಡಿಸೋ ಸ್ಪ್ರೇ ಡಬ್ಬ ಕಿರಾಣಿ ಅಂಗಡೀಲೂ ಸಿಗ್ತದೆ. ಡಬ್ಲ್ಯುಡಿ-40 ಅನ್ನೋದು 1953ರಲ್ಲಿ ಅಮೆರಿಕದಲ್ಲಿ ಕ್ಷಿಪಣಿಗೆ ತುಕ್ಕು ಹಿಡಿಯದಿರಲಿ ಅಂತ ಮಾಡಿದ್ದಂತೆ, ನಲವತ್ತನೇ ಪ್ರಯತ್ನಕ್ಕೆ ಸರಿಯಾದದ್ದಕ್ಕೆ ಆ ಹೆಸರು. ಮಗ ಗೇಟಿನ ಬಿಜಾಗರಿಗೆ ತಂದಿಟ್ಟಿದ್ದಾನೆ. ಒಳ್ಳೇದೇ. ಸಹಕಾರ ಸಾರಿಗೆ 2020ರಲ್ಲಿ ನಿಂತಿತು, ಆ ಶೆಡ್ಡಲ್ಲಿ ಕಲಿತ ಕೈಗಳು ಈಗ ಎಲ್ಲೆಲ್ಲೋ. ನಮ್ಮ ಲಾರಿ ಮಾರಿ ಇಪ್ಪತ್ತು ವರ್ಷವಾಯ್ತು, ಆಚಾರ್ರ ಕುಲುಮೆ ಇದ್ದ ಜಾಗದಲ್ಲಿ ಈಗ ಬಾಳೆ ಇದೆ.

ನಮ್ಮ ಊರಿನ ಲಾರಿ, ಬಸ್ಸಿನ ಕಥೆ ಹೇಳೋವಾಗ ಎಲ್ರೂ ಡ್ರೈವರು, ಮಾಲೀಕರ ಹೆಸರು ಹೇಳ್ತಾರೆ. ಹಳೇ ಕಾಲ ಮುಗಿದು ಹೊಸದು ಬಂತು ಅಂತಲೂ ಹೇಳ್ತಾರೆ. ನಾನು ನೋಡಿದ್ದು ಬೇರೆ. ಗಾಡಿ ಹಳಿ ಕಾಸಿದ ಕೈಯೇ ಲಾರಿಯ ನಟ್ಟು ಬಿಡಿಸಿದ್ದು, ಅಡಿಕೆ ಸುಲಿದ ದುಡ್ಡಲ್ಲೇ ಅದು ತಿರುಗಿ ರಸ್ತೆಗೆ ಇಳಿದದ್ದು. ನಾದಿನಿಯ ಸೊಸೆ ಇದನ್ನೆಲ್ಲ ಕೇಳ್ತಾ ಕೇಳ್ತಾ ಹಲಸಿನಕಾಯಿ ಪೂರ್ತಿ ಕೊಚ್ಚಿ ಮುಗಿಸಿದ್ಲು. ಕತ್ತಿ ತೊಳೆದು, ಒರೆಸಿ, ನಾನು ಹೇಳದೆಯೇ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಮೊಳೆಗೆ ಹಾಕಿದ್ಲು. ಮಳೆಗಾಲ ಅಲ್ವಾ, ನೀವೂ ನಿಮ್ಮನೆ ಕತ್ತಿಗೆ ಸವರಿಟ್ಕೊಳ್ಳಿ.